ಪಕ್ಕದಲ್ಲಿ ಏನಿದೆ, ಅದನ್ನು ನೋಡಿ

ಗೆರೆ, ಬಣ್ಣ, ಅಂದ: ಓದುಗರ ಪ್ರಶ್ನೆಗಳಿಗೆ ಮಂಡ್ಯದ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನಾನು ಹತ್ತನೇ ಕ್ಲಾಸು. ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದ್ದೇನೆ. ನೋಟ್ಸ್‌ನಲ್ಲಿ ಕಲೆಯ ಮೂಲಾಂಶಗಳು ಅಂತ ಏಳು, ತತ್ವಗಳು ಅಂತ ಏಳು ಇವೆ. ಎಲ್ಲಾ ಬಾಯಿಪಾಠ ಆಗಿದೆ. ಆದರೆ ಎರಡಕ್ಕೂ ಏನು ವ್ಯತ್ಯಾಸ ಅಂತಲೇ ಗೊತ್ತಾಗ್ತಿಲ್ಲ.
— ವಿದ್ಯಾರ್ಥಿನಿ, ಮದ್ದೂರು

ಉತ್ತರ: ಬಾಯಿಪಾಠ ಮಾಡಿದ್ದು ದಂಡ ಅಲ್ಲ ಮಗೂ. ಗೆರೆ, ಆಕಾರ, ಘನರೂಪ, ಜಾಗ, ಬಣ್ಣ, ನೆರಳು-ಬೆಳಕು, ಮೈವಳಿಕೆ. ಈ ಏಳು ಹೆಸರು ನೆನಪಿರಲಿ. ಈಗ ನೋಟ್ಸ್ ಮುಚ್ಚಿಟ್ಟು ಮನೆಯ ಬಾಗಿಲಿಗೆ ಬಾ.

ನಮ್ಮಮ್ಮ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ಸಗಣಿ ಸಾರಿಸಿ, ನೆಲ ಇನ್ನೂ ಅರೆಹಸಿ ಇರುವಾಗಲೇ ರಂಗೋಲಿ ಡಬ್ಬಿ ತರುತ್ತಿದ್ದರು. ಪೂರ್ತಿ ಒಣಗಿದರೆ ಪುಡಿ ನಿಲ್ಲುವುದಿಲ್ಲ, ತೀರಾ ಹಸಿ ಇದ್ದರೆ ಕರಗಿಹೋಗುತ್ತದೆ. ಹಬ್ಬದ ದಿನ ಹದಿನೈದರಿಂದ ಎಂಟರವರೆಗೆ ಸಂದು ಚುಕ್ಕಿ. ನಡುವಿನ ಸಾಲಿಗೆ 15, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಒಂದೊಂದು ಕಮ್ಮಿ ಮಾಡುತ್ತಾ ಕೊನೆಯ ಸಾಲಿಗೆ 8. ಎಣಿಸಿ ನೋಡು, ಒಟ್ಟು 169 ಚುಕ್ಕಿ. ಆಮೇಲೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಪುಡಿ ಹಿಡಿದು ಎಳೆ ಬಿಡುವುದು. ಬೆರಳು ಸಡಿಲ ಮಾಡಿದರೆ ಎಳೆ ದಪ್ಪ, ಬಿಗಿ ಮಾಡಿದರೆ ಸಣ್ಣ.

ಚುಕ್ಕಿಗೆ ಚುಕ್ಕಿ ಸೇರಿದರೆ ಗೆರೆ. ಗೆರೆ ಸುತ್ತಿ ಬಂದು ಹೊರಟ ಜಾಗಕ್ಕೇ ಸೇರಿದರೆ ಆಕಾರ. ಆಕಾರದ ಒಳಗೂ ಹೊರಗೂ ಉಳಿದ ನೆಲವೇ ಜಾಗ. ಪುಡಿಯ ಬಿಳುಪು, ಸಗಣಿ ನೆಲದ ಕಪ್ಪು-ಹಸಿರು ಬಣ್ಣ. ನೆಲದ ತರಿ ತರಿ ಮೈವಳಿಕೆ. ಇವೆಲ್ಲ ಮೂಲಾಂಶ. ಅಮ್ಮನ ಡಬ್ಬಿಯಲ್ಲಿ, ಬೆರಳಲ್ಲಿ, ನೆಲದಲ್ಲಿ ಮೊದಲೇ ಇದ್ದವು.

ಪಕ್ಕದ ಮನೆಯವರೂ ಅದೇ 169 ಚುಕ್ಕಿ ಇಡುತ್ತಿದ್ದರು. ಆದರೆ ಎರಡು ರಂಗೋಲಿ ಒಂದೇ ಥರ ಕಂಡದ್ದು ನನಗೆ ನೆನಪಿಲ್ಲ. ಅವರು ಪ್ರತಿ ದಳಕ್ಕೂ ಒಂದೊಂದು ಬಣ್ಣ ತುಂಬುತ್ತಿದ್ದರು. ನಮ್ಮಮ್ಮ ಇಡೀ ರಂಗೋಲಿ ಬಿಳಿ ಬಿಟ್ಟು, ನಟ್ಟನಡುವೆ ಒಂದೇ ಒಂದು ಚಿಟಿಕೆ ಕುಂಕುಮ ಇಡುತ್ತಿದ್ದರು. ರಸ್ತೆಯಲ್ಲಿ ಹೋಗುವವರ ಕಣ್ಣು ನೇರ ಆ ಚಿಟಿಕೆಗೆ ಬೀಳುತ್ತಿತ್ತು. ಕುಂಕುಮ ಪಕ್ಕದ ಮನೆಯಲ್ಲೂ ಇತ್ತು. ಆದರೆ ಅದರ ಸುತ್ತ ಹತ್ತು ಬಣ್ಣ ಇದ್ದಾಗ ಅದು ಯಾರಿಗೂ ಕಾಣುತ್ತಿರಲಿಲ್ಲ.

ಇದನ್ನೇ ನಿನ್ನ ನೋಟ್ಸ್‌ನಲ್ಲಿ ಒತ್ತು ಅಂತ ಬರೆದಿದ್ದಾರೆ. ಒಂದೇ ದಳ ಆರು ಕಡೆ ಬಂದರೆ ಲಯ. ಎಡಬಲ ತೂಗಿದರೆ ಸಮತೋಲನ. ದೊಡ್ಡದಕ್ಕೆ ಚಿಕ್ಕದು ಹೊಂದಿದರೆ ಪ್ರಮಾಣ. ಹೀಗೆ ಒಂದರ ಪಕ್ಕ ಇನ್ನೊಂದನ್ನು ಇಟ್ಟಾಗ ಅವುಗಳ ನಡುವೆ ಏನು ನಡೆಯುತ್ತದೋ ಅದು ತತ್ವ. ಒಂಟಿ ಗೆರೆಗೆ ಲಯ ಇಲ್ಲ, ಒಂಟಿ ಬಣ್ಣಕ್ಕೆ ವೈರುಧ್ಯ ಇಲ್ಲ. ಪರೀಕ್ಷೆಯಲ್ಲಿ ಇದೇ ರಂಗೋಲಿಯ ಉದಾಹರಣೆ ಬರಿ. ಚಿತ್ರವನ್ನೂ ಬಿಡಿಸು.

ಪ್ರಶ್ನೆ: ಅರಿಶಿನ-ಕುಂಕುಮಕ್ಕೆ ಬಂದವರೆಲ್ಲ ನನ್ನ ರವಿಕೆ ನೋಡಿ "ಯಾಕೆ ಹಸಿರು ಹಾಕಿದ್ದೀರಿ" ಅಂದರು. ನಾನು ತಂದದ್ದು ಬೂದು ಬಣ್ಣದ ಬಟ್ಟೆ. ಅಂಗಡಿಯಲ್ಲಿ ಚೆನ್ನಾಗಿ ನೋಡಿಯೇ ತಂದೆ. ಸೀರೆ ಅಚ್ಚ ಕೆಂಪು ರೇಷ್ಮೆ. ಉಟ್ಟ ಮೇಲೆ ರವಿಕೆ ನಿಜವಾಗಿಯೂ ಹಸಿರು ಹೊಡೆಯುತ್ತೆ. ಅಂಗಡಿಯವರು ಮೋಸ ಮಾಡಿದರಾ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಮೋಸ ಯಾರೂ ಮಾಡಿಲ್ಲ ತಾಯಿ. ಈ ತಕರಾರು ಇನ್ನೂರು ವರ್ಷ ಹಳೆಯದು, ಅದರ ಕಥೆ ನನಗೆ ಬಹಳ ಇಷ್ಟ.

ಪ್ಯಾರಿಸ್‌ನಲ್ಲಿ ಗೋಬೆಲಾಂ ಅಂತ ಒಂದು ನೇಯ್ಗೆ ಕಾರ್ಖಾನೆ. ಗೋಡೆಗೆ ತೂಗುಹಾಕುವ ಚಿತ್ರದ ಬಟ್ಟೆ ನೇಯುವುದರಲ್ಲಿ ಹೆಸರಾದದ್ದು. 1824ರಲ್ಲಿ ಅಲ್ಲಿನ ಬಣ್ಣದ ವಿಭಾಗಕ್ಕೆ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥರಾಗಿ ಬಂದರು. ಕಪ್ಪು ದಾರ ಸರಿಯಾಗಿ ಬಣ್ಣ ಕುಡಿದಿಲ್ಲ, ಮಂಕಾಗಿದೆ ಅಂತ ದೂರು ಬಂತು. ಅವರು ದಾರ ಪರೀಕ್ಷೆ ಮಾಡಿದರು. ಬಣ್ಣದಲ್ಲಿ ಏನೂ ತಪ್ಪಿರಲಿಲ್ಲ. ಕಪ್ಪಿನ ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ಬಣ್ಣಗಳೇ ಕಪ್ಪನ್ನು ಮಂಕು ಮಾಡುತ್ತಿದ್ದವು. ಅಲ್ಲಿಂದ ಶುರುವಾದ ಹುಡುಕಾಟ 1839ರಲ್ಲಿ ಒಂದು ದೊಡ್ಡ ಪುಸ್ತಕವಾಯಿತು. ಅವರು ಬದುಕಿದ್ದು 102 ವರ್ಷ. ಆಮೇಲೆ ಬಂದ ಎಷ್ಟೋ ಚಿತ್ರಕಾರರು ಆ ಪುಸ್ತಕದಿಂದ ಬಣ್ಣ ಕಲಿತರು.

ನಿಮ್ಮ ರವಿಕೆಗೆ ಆದದ್ದೂ ಅದೇ. ಕಣ್ಣು ಕೆಂಪನ್ನು ನೋಡುತ್ತಾ ಇದ್ದರೆ, ಪಕ್ಕದ ಬೂದುಬಣ್ಣದ ಮೇಲೆ ಕೆಂಪಿಗೆ ಎದುರಾದ ಹಸಿರು ಛಾಯೆಯನ್ನು ತಾನೇ ಹೊದಿಸುತ್ತದೆ. ನಂಬಿಕೆ ಬರದಿದ್ದರೆ ಅದೇ ಬಟ್ಟೆಯ ಎರಡು ಚೂರು ಕತ್ತರಿಸಿ. ಒಂದನ್ನು ಕೆಂಪು ಸೀರೆಯ ಮೇಲಿಡಿ, ಇನ್ನೊಂದನ್ನು ಹಸಿರು ಸೀರೆಯ ಮೇಲೆ. ಕೆಂಪಿನ ಮೇಲಿನದು ಹಸಿರಿಗೆ ವಾಲುತ್ತದೆ, ಹಸಿರಿನ ಮೇಲಿನದು ಕೆಂಪಿಗೆ. ಒಂದೇ ತಾನಿನ ಬಟ್ಟೆ!

ಇನ್ನು ಮುಂದೆ ರವಿಕೆ ಕಣ ತರಲು ಹೋಗುವಾಗ ಸೀರೆಯನ್ನು ಜೊತೆಗೆ ತೆಗೆದುಕೊಂಡು ಹೋಗಿ. ಬಟ್ಟೆಯನ್ನು ಸೀರೆಯ ಮೇಲೇ ಹಾಸಿ ನೋಡಿ. ಅಂಗಡಿಯ ದೀಪದ ಕೆಳಗೆ ತೀರ್ಮಾನ ಮಾಡಬೇಡಿ, ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡಿ. ಕೆಲವು ಬಣ್ಣಗಳು ದೀಪದಲ್ಲಿ ಒಂದಾಗಿ ಕಂಡು ಬಿಸಿಲಲ್ಲಿ ಬೇರೆಯಾಗುತ್ತವೆ. ಬೂದು ಬಣ್ಣವೇ ಬೇಕು ಅಂದರೆ, ಸ್ವಲ್ಪ ಕೆಂಪು ಬೆರೆತಂತೆ ಇರುವ ಬೂದು ಆರಿಸಿ. ಕೆಂಪು ಸೀರೆಯ ಪಕ್ಕ ಅದು ಸರಿಯಾದ ಬೂದಾಗಿ ಕಾಣುತ್ತದೆ.

ಪ್ರಶ್ನೆ: ನನ್ನ ಮಗಳು ಚಿತ್ರ ಬಿಡಿಸಿದರೆ ಮನೆ, ಮರ, ಮನುಷ್ಯ ಎಲ್ಲವನ್ನೂ ನಟ್ಟನಡುವೆ ಇಡುತ್ತಾಳೆ. ಚಿತ್ರ ಸಪ್ಪೆ ಅನ್ನಿಸುತ್ತೆ. ಹೇಗೆ ಹೇಳಿಕೊಡಲಿ?
— ತಾಯಿ, ಶ್ರೀರಂಗಪಟ್ಟಣ

ಉತ್ತರ: ನಡುವೆ ಇಡುವುದು ತಪ್ಪಲ್ಲ. ಮೈಸೂರು ಅರಮನೆಯ ಎದುರು ನಿಂತು ನೋಡಿ. ಹೆನ್ರಿ ಇರ್ವಿನ್ ನಕ್ಷೆ ಹಾಕಿ 1912ರಲ್ಲಿ ಮುಗಿದ ಕಟ್ಟಡ. ನಡುವೆ 145 ಅಡಿ ಎತ್ತರದ ಗೋಪುರ, ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಅರಮನೆಗೆ ಆ ಗಾಂಭೀರ್ಯ ಬೇಕು.

ಆದರೆ ಮಗುವಿಗೆ ಇನ್ನೊಂದು ಸಮತೋಲನ ತೋರಿಸಿ. ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಬರುವ ಹೆಂಗಸನ್ನು ನೋಡಲಿ. ಕೊಡ ಎಡಗಡೆ ಇದ್ದರೆ ಮೈ ಬಲಕ್ಕೆ ಬಾಗಿರುತ್ತದೆ, ಬಲಗೈ ಗಾಳಿಯಲ್ಲಿ ದೂರ ಚಾಚಿರುತ್ತದೆ. ಎರಡು ಕಡೆ ಒಂದೇ ಥರ ಇಲ್ಲ, ಆದರೂ ಅವಳು ಬೀಳುವುದಿಲ್ಲ. ಚಿತ್ರದಲ್ಲೂ ಹಾಗೇ. ಒಂದು ಕಡೆ ದೊಡ್ಡ ಮರ ಬಂದರೆ, ಇನ್ನೊಂದು ಕಡೆ ತುಂಬಾ ದೂರದಲ್ಲಿ ಒಂದು ಪುಟ್ಟ ಹಕ್ಕಿ ಸಾಕು. ಚಿಕ್ಕದು ದೂರ ಹೋದಷ್ಟೂ ಅದಕ್ಕೆ ತೂಕ ಜಾಸ್ತಿ.

ನಿಮ್ಮೂರಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಇದೆ. 1784ರದ್ದು. ಅದರ ಪಶ್ಚಿಮದ ಗೋಡೆಯಲ್ಲಿ ಹೈದರ್-ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ. ಒಂದೇ ಥರದ ಕೆಂಪಂಗಿ ಸಿಪಾಯಿಗಳು ಸಾಲುಸಾಲಾಗಿ ಚೌಕ ಕಟ್ಟಿ ನಿಂತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಇಂಗ್ಲಿಷರ ದಂಡಿನ ಮುಖ್ಯಸ್ಥ ಕರ್ನಲ್ ಬೈಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಅಷ್ಟು ಜನರ ಗದ್ದಲದಲ್ಲಿ ಅವನು ಕಣ್ಣಿಗೆ ಬೀಳುವುದು ಹೇಗೆ? ಸುತ್ತಲೂ ಎಲ್ಲರೂ ಒಂದೇ ಥರ ನಿಂತಿದ್ದಾರೆ, ಅವನೊಬ್ಬನೇ ಬೇರೆ. ಉತ್ತರ ಹೇಳಬೇಡಿ, ಮಗಳೇ ಹುಡುಕಲಿ.

ಪ್ರಶ್ನೆ: ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರ ನೋಡಿದೆವು. ರವಿವರ್ಮನ ಚಿತ್ರ ಅಂತ ನಮ್ಮ ಯಜಮಾನರು, ಹಿಂದೆ ಬಲ್ಬ್ ಇಟ್ಟಿದ್ದಾರೆ ಅಂತ ಮಗ. ಯಾರು ಹೇಳಿದ್ದು ಸರಿ?
— ಓದುಗರು, ನಂಜನಗೂಡು

ಉತ್ತರ: ಇಬ್ಬರದೂ ಅಲ್ಲ. ರವಿವರ್ಮನ ಚಿತ್ರಗಳೂ ಅದೇ ಅರಮನೆಯಲ್ಲಿ ಇರುವುದರಿಂದ ಈ ಗೊಂದಲ ಬಹಳ ಜನಕ್ಕಿದೆ. ಇದನ್ನು ಬರೆದವರು ಎಸ್. ಎಲ್. ಹಳದಣಕರ್, 1940ರ ದಶಕದಲ್ಲಿ. ಜಲವರ್ಣದ ಚಿತ್ರ. ಅದು ಇನ್ನೂ ಕಷ್ಟ, ಯಾಕೆಂದರೆ ತಪ್ಪಾದರೆ ಎಣ್ಣೆಬಣ್ಣದ ಹಾಗೆ ಮೇಲೆ ಮುಚ್ಚಿ ತಿದ್ದಲು ಆಗುವುದಿಲ್ಲ.

ಬಲ್ಬ್ ಇಲ್ಲ. ಮಗನಿಗೆ ಒಂದು ಕೆಲಸ ಹೇಳಿ. ಆ ಚಿತ್ರದ ಒಂದು ಫೋಟೋ ಮೊಬೈಲಲ್ಲಿ ತೆಗೆದು, ಸುತ್ತಲಿನ ಕತ್ತಲೆ ಭಾಗವನ್ನೆಲ್ಲ ಬಿಳಿ ಕಾಗದದಿಂದ ಮುಚ್ಚಿ, ಬೆಳಕಿನ ಭಾಗ ಮಾತ್ರ ಕಾಣುವಂತೆ ಇಟ್ಟುಕೊಳ್ಳಲಿ. ದೀಪದ ಬೆಳಕು ಆರಿಹೋಗುತ್ತದೆ. ಅಲ್ಲಿ ಉಳಿಯುವುದು ಬರೀ ತಿಳಿ ಹಳದಿ. ಕಾಗದ ತೆಗೆದರೆ ದೀಪ ಮತ್ತೆ ಹತ್ತುತ್ತದೆ! ಜಲವರ್ಣದಲ್ಲಿ ಅತಿ ಹೆಚ್ಚಿನ ಬೆಳಕು ಅಂದರೆ ಕಾಗದದ ಬಿಳುಪು, ಅದಕ್ಕಿಂತ ಮುಂದೆ ಹೋಗಲು ಯಾವ ಬಣ್ಣಕ್ಕೂ ಆಗುವುದಿಲ್ಲ. ಹಾಗಾಗಿ ಚಿತ್ರಕಾರ ಬೆಳಕನ್ನು ಹೆಚ್ಚಿಸಲಿಲ್ಲ, ಸುತ್ತಲಿನ ಕತ್ತಲೆಯನ್ನು ಹಂತ ಹಂತವಾಗಿ ಇಳಿಸಿದರು. ದೀಪಕ್ಕೆ ಅಡ್ಡ ಹಿಡಿದ ಕೈ ನೋಡಿ. ಬೆರಳ ಸಂದಿಯಲ್ಲಿ ಚರ್ಮ ಕೆಂಪಗೆ ಬೆಳಗುತ್ತದೆ. ಕರೆಂಟ್ ಹೋದಾಗ ಮೇಣದ ಬತ್ತಿಗೆ ಕೈ ಅಡ್ಡ ಹಿಡಿದವರಿಗೆಲ್ಲ ಆ ಕೆಂಪು ಗೊತ್ತು. ನಾನು ಆ ಚಿತ್ರದ ಮುಂದೆ ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಮೊದಲು ನೋಡುವುದು ಆ ಬೆರಳುಗಳನ್ನೇ.

ಪ್ರಶ್ನೆ: ಚಿನ್ನದ ರೇಕು ಹಚ್ಚಿದ ಚಿತ್ರ ಕೊಳ್ಳುವಾಗ ಮೈಸೂರಿನದೋ ತಂಜಾವೂರಿನದೋ ಗುರುತಿಸುವುದು ಹೇಗೆ?
— ಓದುಗರು, ಮಳವಳ್ಳಿ

ಉತ್ತರ: ಬೆಳಕಿಗೆ ಓರೆಯಾಗಿ ಹಿಡಿದು ಅಂಚಿನಿಂದ ನೋಡಿ. ತಂಜಾವೂರಿನದರಲ್ಲಿ ಒಡವೆ, ಕಮಾನು ಎಲ್ಲ ದಪ್ಪಗೆ ಉಬ್ಬಿರುತ್ತವೆ, ಕಲ್ಲು-ಗಾಜು ಕೂರಿಸಿರುತ್ತಾರೆ. ಮೈಸೂರಿನದರಲ್ಲಿ ಉಬ್ಬು ತೀರಾ ತೆಳು, ಬೆರಳಿಗೆ ಸಿಕ್ಕೀತೋ ಇಲ್ಲವೋ ಅನ್ನುವಷ್ಟು. ಇಲ್ಲಿ ಜೀವ ಇರುವುದು ಗೆರೆಯಲ್ಲಿ, ಚಿನ್ನ ಅದಕ್ಕೆ ದಾರಿ ಬಿಟ್ಟುಕೊಡುತ್ತದೆ. ನನ್ನ ಒಲವು ಯಾವುದರ ಕಡೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಪ್ರಶ್ನೆ: ಈ ಮೂಲಾಂಶ, ತತ್ವ ಎಲ್ಲ ಪಶ್ಚಿಮದಿಂದ ಬಂದವು. ನಮ್ಮ ಶಿಲ್ಪಿಗಳು ಇದ್ಯಾವುದನ್ನೂ ಓದದೆ ಸೋಮನಾಥಪುರ ಕಟ್ಟಲಿಲ್ಲವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು

ಉತ್ತರ: ಪಟ್ಟಿ ಮಾಡಿ ಶಾಲೆಯಲ್ಲಿ ಪಾಠ ಹೇಳುವ ಈ ಕ್ರಮ ಅಲ್ಲಿಂದ ಬಂದದ್ದು ನಿಜ. ಅಮೆರಿಕದ ಮೇಷ್ಟ್ರು ಆರ್ಥರ್ ವೆಸ್ಲಿ ಡೌ 1899ರಲ್ಲಿ ಗೆರೆ, ಕಪ್ಪು-ಬಿಳುಪು, ಬಣ್ಣ ಎಂಬ ಮೂರನ್ನೇ ಹಿಡಿದು ಪಾಠದ ಪುಸ್ತಕ ಬರೆದರು. ಆದರೆ ಅವರು ಅದನ್ನು ಕಲಿತದ್ದು ಜಪಾನಿನ ಚಿತ್ರಗಳನ್ನು ನೋಡಿ. ಹಾಗಾಗಿ ಪಶ್ಚಿಮದ್ದು ಅಂತ ಪೂರ್ತಿ ಅನ್ನಲೂ ಆಗುವುದಿಲ್ಲ.

ನಮ್ಮಲ್ಲಿ ಪಟ್ಟಿ ಇರಲಿಲ್ಲ ಅನ್ನುವುದಂತೂ ಸರಿಯಲ್ಲ. ಚಿತ್ರಕ್ಕೆ ಆರು ಅಂಗ ಅಂತ ಹಳೆಯ ಶ್ಲೋಕವೇ ಇದೆ: ರೂಪಭೇದ (ರೂಪಗಳ ವ್ಯತ್ಯಾಸ), ಪ್ರಮಾಣ, ಭಾವ, ಲಾವಣ್ಯಯೋಜನೆ (ಚೆಲುವು ತುಂಬುವುದು), ಸಾದೃಶ್ಯ (ಹೋಲಿಕೆ), ವರ್ಣಿಕಾಭಂಗ (ಬಣ್ಣ ಬಳಸುವ ಬಗೆ). ಇದರಲ್ಲಿ ಭಾವ ಇದೆ ನೋಡಿ. ನಮ್ಮ ಮಕ್ಕಳ ನೋಟ್ಸ್‌ನ ಹದಿನಾಲ್ಕರಲ್ಲಿ ಅದಿಲ್ಲ. ನನಗೆ ಅದೊಂದು ದೊಡ್ಡ ಕೊರತೆ ಅನ್ನಿಸುತ್ತದೆ. ವಿಷ್ಣುಧರ್ಮೋತ್ತರ ಅನ್ನುವ ಹಳೆಯ ಸಂಸ್ಕೃತ ಪುರಾಣದಲ್ಲಿ ಚಿತ್ರಕಲೆಯ ಬಗ್ಗೆ ಇರುವ ಚಿತ್ರಸೂತ್ರ ಎಂಬ ಭಾಗದಲ್ಲಿ ಇನ್ನೊಂದು ಮಾತಿದೆ. ಗುರುಗಳು ಗೆರೆಯನ್ನು ಮೆಚ್ಚುತ್ತಾರೆ, ಬಲ್ಲವರು ನೆರಳು-ಬೆಳಕನ್ನು, ಹೆಂಗಸರು ಒಡವೆಯನ್ನು, ಉಳಿದವರು ಬಣ್ಣದ ಸಿರಿಯನ್ನು ಅಂತ. ಹೆಂಗಸರ ವಿಷಯದಲ್ಲಿ ಆ ಮಾತನ್ನು ನಾನು ಒಪ್ಪುವುದಿಲ್ಲ. ಗೆರೆ ಅಂದರೇನು ಅಂತ ನನಗೆ ಮೊದಲು ತೋರಿಸಿದವರು ನಮ್ಮಮ್ಮ.

ಅಳತೆಗೆ ನಮ್ಮ ಶಿಲ್ಪಿಗಳದು ತಾಳದ ಲೆಕ್ಕ. ಒಂದು ಮುಖದ ಉದ್ದ ಒಂದು ತಾಳ. ನಿಮ್ಮ ಅಂಗೈಯನ್ನು ಮುಖದ ಮೇಲಿಡಿ, ಮಣಿಕಟ್ಟು ಗಲ್ಲಕ್ಕೆ ಬಂದರೆ ನಡುಬೆರಳ ತುದಿ ಹೆಚ್ಚುಕಮ್ಮಿ ಕೂದಲಿನ ಅಂಚು ಮುಟ್ಟುತ್ತದೆ. ದೇವರ ಮೂರ್ತಿಗೆ ಒಂಬತ್ತು ತಾಳ, ಹತ್ತು ತಾಳ. ಕುಳ್ಳ ಗಣಪತಿಗೆ ಐದು. ಅಡಿಯಿಲ್ಲ, ಇಂಚಿಲ್ಲ, ಮೂರ್ತಿಯ ಅಳತೆ ಮೂರ್ತಿಯಲ್ಲೇ ಇದೆ.

ಸೋಮನಾಥಪುರದ ಕೇಶವ ದೇವಾಲಯ 1258ರದ್ದು. ಜಗಲಿ ಹತ್ತಿ ಗೋಡೆಯ ಪಕ್ಕ ನಿಧಾನಕ್ಕೆ ಪ್ರದಕ್ಷಿಣೆ ಬನ್ನಿ. ಕೆಳಗೆ ಆನೆಯ ಸಾಲು, ಅದರ ಮೇಲೆ ಕುದುರೆ, ಅದರ ಮೇಲೆ ಬಳ್ಳಿ, ಆಮೇಲೆ ಪುರಾಣದ ಕಥೆ. ಗೋಡೆ ನಕ್ಷತ್ರದ ಆಕಾರದಲ್ಲಿ ಒಳಕ್ಕೂ ಹೊರಕ್ಕೂ ಮಡಿಚಿಕೊಂಡು ಹೋಗುವುದರಿಂದ ಪ್ರತಿ ಮೂಲೆಯಲ್ಲೂ ಬಿಸಿಲು, ನೆರಳು, ಮತ್ತೆ ಬಿಸಿಲು, ಮತ್ತೆ ನೆರಳು. ಒಂದು ಆನೆಯ ಮುಂದೆ ಕೂತು ಪಕ್ಕದ ಆನೆಗೆ ಹೋಲಿಸಿ ನೋಡಿ. ಒಂದರ ಸೊಂಡಿಲು ಸುರುಳಿ, ಇನ್ನೊಂದರದ್ದು ಚಾಚಿದೆ. ದೂರದಿಂದ ಒಂದೇ ಪಟ್ಟಿ, ಹತ್ತಿರದಿಂದ ಒಂದೊಂದೂ ಬೇರೆ. ಲಯ ಅಂದರೆ ಏನು ಅಂತ ನಾನು ಮಕ್ಕಳಿಗೆ ಅಲ್ಲೇ ಕೂರಿಸಿ ಹೇಳುತ್ತಿದ್ದೆ. ತರಗತಿಯ ಕಪ್ಪುಹಲಗೆಯ ಮೇಲೆ ಅದು ಬರುವುದಿಲ್ಲ.

ಪ್ರಶ್ನೆ: ಹೆದ್ದಾರಿ ಪಕ್ಕ ಬೆಲ್ಲದ ಅಂಗಡಿ ಇಟ್ಟಿದ್ದೇನೆ, ನಮ್ಮದೇ ಆಲೆಮನೆ. ಹತ್ತು ಅಡಿ ಉದ್ದದ ಫ್ಲೆಕ್ಸ್ ಹಾಕಿಸಿದೆ. ದುಡ್ಡೂ ಖರ್ಚಾಯ್ತು. ಆದರೂ ಗಾಡಿಗಳು ಮುಂದೆ ಹೋಗಿ ನಿಲ್ಲಿಸಿ, ವಾಪಸ್ ನಡೆದುಕೊಂಡು ಬಂದು "ಇಲ್ಲಿ ಬೆಲ್ಲ ಸಿಗುತ್ತಾ" ಅಂತ ಕೇಳುತ್ತಾರೆ. ಫೋಟೋ ಕಳಿಸಿದ್ದೇನೆ. ಏನು ಕಮ್ಮಿ ಆಗಿದೆ?
— ಆಲೆಮನೆ ಮಾಲೀಕರು, ಮಂಡ್ಯ

ಉತ್ತರ: ಕಮ್ಮಿ ಏನೂ ಆಗಿಲ್ಲ, ಜಾಸ್ತಿ ಆಗಿದೆ. ಫೋಟೋ ನೋಡಿದೆ. ಎಡಗಡೆ ದೇವರು, ಬಲಗಡೆ ನಿಮ್ಮ ತಂದೆಯವರು, ಹಿಂದೆ ಕಬ್ಬಿನ ಗದ್ದೆ, ಮುಂದೆ ಬೆಲ್ಲದ ರಾಶಿ, ಎರಡು ಫೋನ್ ನಂಬರ್, ನಾಲ್ಕು ಥರದ ಅಕ್ಷರ. ಅಚ್ಚು ಬೆಲ್ಲ, ಉಂಡೆ ಬೆಲ್ಲ, ಬಕೆಟ್ ಬೆಲ್ಲ, ಜೋನಿ ಬೆಲ್ಲ, ಎಲ್ಲವೂ ಒಂದೇ ಗಾತ್ರ. ಎಲ್ಲರೂ ಒಟ್ಟಿಗೆ ಕೂಗಿದರೆ ಸಂತೆಯಲ್ಲಿ ಯಾರ ಮಾತು ಕೇಳುತ್ತದೆ?

ನಾನು ಮೇಷ್ಟ್ರಾಗುವ ಮೊದಲು ಮಂಡ್ಯದಲ್ಲಿ ಒಂಬತ್ತು ವರ್ಷ ಬೋರ್ಡ್ ಬರೆದವನು. ತಗಡಿನ ಮೇಲೆ ಎನಾಮಲ್ ಪೇಂಟ್. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ಕಡೆ ಬಿಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಟಪ್ ಅಂತ ನೇರ ಗೆರೆ ಬೀಳುತ್ತಿತ್ತು. ಶುರುವಿನಲ್ಲಿ ಒಂದು ಬಟ್ಟೆ ಅಂಗಡಿಗೆ ಹಸಿರು ಮೈಯ ಮೇಲೆ ಕೆಂಪು ಅಕ್ಷರ ಬರೆದೆ. ಎರಡೂ ಗಾಢ ಬಣ್ಣ, ಹತ್ತಿರದಿಂದ ಥಳಥಳ ಅನ್ನುತ್ತಿತ್ತು. ಮೇಲೆ ಏರಿಸಿ ರಸ್ತೆಯಾಚೆ ಹೋಗಿ ನೋಡಿದರೆ ಅಕ್ಷರ ಓದಲು ಆಗುತ್ತಿಲ್ಲ, ಅಂಚುಗಳು ಕಂಪಿಸಿದ ಹಾಗೆ ಕಾಣುತ್ತಿವೆ. ನನಗೆ ಕೆಲಸ ಕಲಿಸಿದ ಹಿರಿಯರು ಬೈಯಲಿಲ್ಲ. "ಕಣ್ಣು ಅರ್ಧ ಮುಚ್ಚಿ ನೋಡು" ಅಂದರು ಅಷ್ಟೆ. ನೋಡಿದೆ. ಕೆಂಪೂ ಹಸಿರೂ ಒಂದೇ ಕಪ್ಪಾಗಿ ಬೆರೆತುಹೋದವು. ಬಣ್ಣ ಬೇರೆಯಾಗಿದ್ದರೂ ಅವುಗಳ ಗಾಢತೆ ಒಂದೇ ಆಗಿತ್ತು. ಇಡೀ ಬೋರ್ಡ್ ಉಜ್ಜಿ, ಕೆಂಪು ಮೈಗೆ ಹಳದಿ ಅಕ್ಷರ ಬರೆದೆ. ಆ ಎರಡು ದಿನದ ಕೂಲಿ ಹೋಯಿತು, ಆದರೆ ಆ ಪಾಠವನ್ನು ನಾನು ಇವತ್ತಿಗೂ ಬಳಸುತ್ತೇನೆ.

ನಿಮ್ಮ ಫೋಟೋವನ್ನೂ ಕಣ್ಣು ಅರ್ಧ ಮುಚ್ಚಿ ನೋಡಿದೆ. ಬೆಲ್ಲದ ರಾಶಿಯ ಕಂದು ಬಣ್ಣದ ಮೇಲೆಯೇ ಮೆರೂನ್ ಅಕ್ಷರ ಬಂದಿದೆ. ಅದು ಕಾಣುವುದಿಲ್ಲ.

ಹೊಸದಾಗಿ ಹಾಕಿಸುವಾಗ ಹೀಗೆ ಮಾಡಿ. ಮೈ ಪೂರ್ತಿ ಒಂದೇ ಬಣ್ಣ, ತಿಳಿ ಹಳದಿ ಇರಲಿ. ಅದರ ಮೇಲೆ ಗಾಢ ಕಂದು ಅಥವಾ ಕಪ್ಪಿನಲ್ಲಿ "ಬೆಲ್ಲ" ಅಂತ ಎರಡೇ ಅಕ್ಷರ, ಬೋರ್ಡಿನ ಅರ್ಧ ಎತ್ತರಕ್ಕೆ. ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಅನ್ನುವುದು ನಾವು ಬೋರ್ಡ್ ಬರೆಯುವವರ ಲೆಕ್ಕ. ನಿಮ್ಮದು ಹೆದ್ದಾರಿ, ಗಾಡಿಯವನು ನೂರೈವತ್ತು ಅಡಿ ದೂರದಿಂದಲೇ ಓದಿ ಬ್ರೇಕ್ ಹಾಕಬೇಕು. ಅಂದರೆ ಹದಿನೈದು ಇಂಚಿಗೆ ಕಮ್ಮಿ ಬೇಡ. ಕನ್ನಡ ಅಕ್ಷರ ದುಂಡಗೆ ಇರುವುದರಿಂದ ಒಳಗಿನ ಸಂದು ಮುಚ್ಚಿಹೋಗದ ಹಾಗೆ ದಪ್ಪ ಇಡಿಸಿ. ಜಾಸ್ತಿ ದಪ್ಪ ಮಾಡಿದರೆ ದೂರದಿಂದ ಬೆ ಯಾವುದು ಚೆ ಯಾವುದು ತಿಳಿಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ಒತ್ತಕ್ಷರ. ಲ ಕೆಳಗಿನ ಲಾವತ್ತು ಕೆಳಗಿಳಿಯುತ್ತದೆ. ಅದಕ್ಕೆ ಜಾಗ ಬಿಡದೆ ಕೆಳಗಿನ ಸಾಲನ್ನು ಮೇಲಕ್ಕೆ ತಂದು ಅಂಟಿಸಿದ್ದಾರೆ, ನಿಮ್ಮ ಬೋರ್ಡಿನಲ್ಲಿ ಲಾವತ್ತು ಫೋನ್ ನಂಬರಿನ ಮೇಲೆ ಕೂತಿದೆ. ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ಅಳತೆಯಲ್ಲೇ ಕನ್ನಡ ಕೂರಿಸಿದರೆ ಹೀಗಾಗುತ್ತದೆ. ಎರಡು ಸಾಲಿನ ನಡುವೆ ಅಕ್ಷರದ ಮುಕ್ಕಾಲು ಎತ್ತರದಷ್ಟು ಖಾಲಿ ಕೇಳಿ. ಪ್ರಿಂಟಿಂಗ್ ಹುಡುಗ "ಇಷ್ಟು ಜಾಗ ಸುಮ್ನೆ ವೇಸ್ಟ್ ಆಗುತ್ತೆ ಸಾರ್" ಅನ್ನಬಹುದು. ಒಪ್ಪಬೇಡಿ. ಆ ಖಾಲಿ ಜಾಗಕ್ಕೂ ನೀವೇ ದುಡ್ಡು ಕೊಟ್ಟಿದ್ದೀರಿ, ನಿಮ್ಮ ಅಕ್ಷರ ಓದಿಸುವುದು ಅದೇ.

ಕೆಳಗೆ ಒಂದೇ ಸಾಲಿನಲ್ಲಿ "ನಮ್ಮ ಆಲೆಮನೆಯಿಂದ", ಅದರ ಪಕ್ಕ ಒಂದು ಫೋನ್ ನಂಬರ್. ಅಚ್ಚು, ಉಂಡೆ, ಬಕೆಟ್ ಇವೆಲ್ಲ ಬೋರ್ಡಿಗೆ ಬೇಡ. ಗಾಡಿ ನಿಂತ ಮೇಲೆ ಓದಲು ಕಟ್ಟೆಯ ಮೇಲೆ ಒಂದು ಕಪ್ಪುಹಲಗೆ ಇಟ್ಟು ಬೆಲೆ ಸಮೇತ ಸುಣ್ಣದಲ್ಲಿ ಬರೆಯಿರಿ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅನ್ನುವ ಕಾನೂನಿಗೂ ಇದು ಹೊಂದುತ್ತದೆ. ದೇವರ ಪಟ, ತಂದೆಯವರ ಪಟ ಅಂಗಡಿಯ ಒಳಗೆ, ಗಲ್ಲಾಪೆಟ್ಟಿಗೆಯ ಮೇಲ್ಗಡೆ ಇಡಿ. ಅಲ್ಲಿ ಬಂದವರು ನಿಂತು ನೋಡುತ್ತಾರೆ, ಬೀಸಿ ಹೋಗುವ ಗಾಡಿಯ ಧೂಳೂ ತಾಗುವುದಿಲ್ಲ.

ಅಚ್ಚಿಗೆ ಕೊಡುವ ಮೊದಲು ಫ್ಲೆಕ್ಸ್‌ನವರ ಹತ್ತಿರ ಒಂದು ಕಾಗದದಲ್ಲಿ ಪ್ರಿಂಟ್ ತೆಗೆಸಿ. ಅಂಗಡಿ ಗೋಡೆಗೆ ಅಂಟಿಸಿ ದೂರ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡಿ. "ಬೆಲ್ಲ" ಉಳಿದರೆ ಅಚ್ಚಿಗೆ ಕೊಡಿ. ಬೋರ್ಡ್ ಏರಿಸಿದ ಮೇಲೆ ರಸ್ತೆಯ ಆ ಕಡೆಯಿಂದ, ಎದುರುಬಿಸಿಲು ಇರುವ ಹೊತ್ತಿನಲ್ಲಿ ಒಂದು ಫೋಟೋ ತೆಗೆದು ನನಗೆ ಕಳಿಸಿ.